ಬುಡದಲ್ಲಿಟ್ಟ ಕಾಳು

ನೀರಿಲ್ಲದ ಊರಿಗೆ ದೋಣಿಯ ಕಂಬ ಬಂದರೆ ಯಾರು ನಂಬುತ್ತಾರೆ? ಯುಗಾದಿ ಕಳೆದು ವಾರಕ್ಕೆ, ರಾಂಪುರದ ರಸ್ತೆಯಿಂದ ಒಳಗಿರುವ ಆ ಬಂಡೆಗುಡ್ಡದ ಹಟ್ಟಿಗೆ ಉದ್ದನೆಯ ಲಾರಿಯೊಂದು ಎರಡು ಸರ್ವೆ ಮರಗಳನ್ನು ಹೊತ್ತು ಬಂದು ಬಡಗಿ ದೊಡ್ಡಪಾಲಯ್ಯನ ಕಣದಲ್ಲಿ ನಿಂತಾಗ, ಚಹಾದಂಗಡಿಯ ದಾಸಣ್ಣ ಕೈಯಲ್ಲಿ ಸೌಟು ಹಿಡಿದೇ ಓಡಿಬಂದ. ಒಂದು ಮರ ನಲವತ್ತು ಅಡಿ, ಇನ್ನೊಂದು ಇಪ್ಪತ್ತೆಂಟು. ಎರಡರ ಮೈಯಲ್ಲೂ ಗಂಟಿಲ್ಲ, ಸೊಟ್ಟಿಲ್ಲ.

"ಎಲ್ಲಿಯವಪ್ಪ ಇವು?" ಎಂದು ದಾಸಣ್ಣ ಡ್ರೈವರನ್ನು ಕೇಳಿದ.

"ಹೊನ್ನಾವರದ ಕಡೆಯವು."

"ಎಲ್ಲಿಗೆ ಹೋಗ್ತವೆ?"

"ಕೆತ್ತಿದ ಮೇಲೆ ತಿರುಗಿ ಸಮುದ್ರಕ್ಕೇ."

ದಾಸಣ್ಣ ದೊಡ್ಡಪಾಲಯ್ಯನ ಕಡೆ ತಿರುಗಿದ. "ಏಮಯ್ಯಾ ಪಾಲಯ್ಯ, ಸಮುದ್ರದ ದಂಡೆ ಮರ ಇಲ್ಲಿಗೆ ಬಂದು ಕ್ಷೌರ ಮಾಡಿಸ್ಕಂಡು ಹೋಗ್ತಾವಂತೆ. ಆ ಕಡೆ ಬಡಗೇರು ಯಾರೂ ಉಳಿದಿಲ್ವಾ?"

ಪಾಲಯ್ಯ ಬಗ್ಗಿ ಮರದ ಮೈ ಸವರಿದ. ಅದೇ ಪ್ರಶ್ನೆ ಅವನದೂ ಆಗಿತ್ತು. ಅವನದು ಕಂಬದ ಮನೆತನ. ತಾತ ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿಗಳಿಗೆ ತೊಲೆ ಹಾಕಿದವನು, ಅಪ್ಪ ಗುಡಿಗಳ ಮುಂದೆ ದೀಪದ ಕಂಬ ನೆಟ್ಟವನು. ಪಾಲಯ್ಯನಿಗೂ ಅರವತ್ತು ದಾಟಿದೆ. ಅವನು ನಿಲ್ಲಿಸಿದ ಒಂದು ಕಂಬವೂ ಈವರೆಗೆ ವಾಲಿದ್ದಿಲ್ಲ.

ಮರದ ಒಡೆಯ ಲಾರಿಯ ಹಿಂದೆಯೇ ಕಾರಿನಲ್ಲಿ ಬಂದಿದ್ದ. ಹೆಸರು ಜಂಬುಲಿಂಗಪ್ಪ. ಹುಟ್ಟಿದ್ದು ನಾಯಕನಹಟ್ಟಿ, ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಫಿಟ್ಟರ್ ಆಗಿ ದುಡಿದು ಈಗ ಬಿಟ್ಟಿದ್ದಾನೆ. ಮಲ್ಪೆಯ ಹತ್ತಿರ ದೋಣಿ ಕಟ್ಟುವ ಜಾಗದಲ್ಲಿ ಯಾರೋ ಬಿಟ್ಟುಹೋಗಿದ್ದ ಎರಡು ಕಂಬದ ಹಾಯಿದೋಣಿಯೊಂದನ್ನು ಕೊಂಡಿದ್ದಾನೆ. ಒಳಗೇ ಅಡುಗೆ, ಒಳಗೇ ನಿದ್ದೆ, ಗಾಳಿಯ ಬಲದ ಮೇಲೆ ಊರಿಂದ ಊರಿಗೆ ತಿರುಗುವಂಥ ದೋಣಿ.

"ಹಳೇ ಕಂಬ ಅಲ್ಯೂಮಿನಿಯಂದವು, ಪಾಲಣ್ಣ. ಉಪ್ಪು ಬುಡ ತಿಂದಾಕೈತೆ," ಎಂದು ಅವನು ಕಣದ ಕಟ್ಟೆಯ ಮೇಲೆ ಕುಳಿತು ವಿವರಿಸಿದ. "ಅವನ್ನ ನಿಲ್ಲಿಸೋಕೆ ಸುತ್ತ ಹದಿನಾಲ್ಕು ತಂತಿ. ಒಂದು ತಂತಿ ಕಿತ್ರೆ ಕಂಬನೇ ಮಲಗ್ತೈತೆ. ನನಗೆ ಆ ತಂತಿ ಸಾವಾಸನೇ ಬ್ಯಾಡ. ಚೀನಾದೋರು ಹಳೇ ಕಾಲದಿಂದ ಕಟ್ತಾರಲ್ಲ, ಜಂಕ್ ಹಾಯಿ ಅಂತ, ಅದನ್ನ ಕಟ್ಟಿಸ್ತೀನಿ. ಹಾಯಿಗೆ ಅಡ್ಡಡ್ಡ ಬಿದಿರು. ಹಗ್ಗ ಬಿಟ್ರೆ ಕಿಟಕಿ ಪರದೆ ಮಡಚಿದಂಗೆ ಕೆಳಗೆ ಬಂದು ಕೂತ್ಕಂತೈತೆ. ನನ್ನ ಬಲಭುಜ ಮೇಲಕ್ಕೆ ಏಳಲ್ಲ, ನನಗೆ ಅದೇ ಸರಿ. ಕಂಬ ಮಾತ್ರ ತನ್ನ ಕಾಲ ಮೇಲೆ ತಾನು ನಿಲ್ಲಬೇಕು."

"ತಂತಿ ಇಲ್ದೇ?"

"ತಂತಿ ಇಲ್ದೇ."

"ಅಷ್ಟು ದೂರದಿಂದ ಇಲ್ಲಿಗೇ ಯಾಕೆ ತಂದ್ರಿ?"

"ಅಲ್ಲಿ ಗಾಳಿಯೊಳಗೇ ನೀರೈತೆ. ವರ್ಷ ಇಟ್ರೂ ಮರ ಒಣಗಲ್ಲ. ನಮ್ಮ ಸೀಮೆ ಗಾಳಿಗೆ ಮೂರು ತಿಂಗಳು ಸಾಕು. ಅಲ್ಲಿನೋರೆಲ್ಲ ಈಗ ಫೈಬರ್ ದೋಣಿ ಹಿಡಿದವ್ರೆ. ಇಷ್ಟುದ್ದ ಕಂಬನ ಬಾಚಿಯಿಂದ ದುಂಡಗೆ ತಿದ್ದೋರು ಸಿಗಲ್ಲ. ನಿಮ್ಮ ಈರೇಶ ನಿಮ್ಮ ಹೆಸರು ಹೇಳ್ದ."

ಮಾತೆಲ್ಲ ಸರಿಯಾಗಿಯೇ ಇತ್ತು. ಪಾಲಯ್ಯನಿಗೆ ಅನುಮಾನ ಬಂದದ್ದೇ ಅದರಿಂದ. ಕೇಳುವ ಮೊದಲೇ ಉತ್ತರ ಸಿದ್ಧ ಇಟ್ಟುಕೊಂಡವನನ್ನು ನಂಬಬಾರದು ಎಂದು ಅವನ ಅವ್ವ ಹೇಳುತ್ತಿದ್ದಳು.

ಈರೇಶ ಪಾಲಯ್ಯನ ತಂಗಿಯ ಮಗ. ತಂಗಿ ತೀರಿಕೊಂಡಾಗ ಮೂರು ವರ್ಷದ ಕೂಸು, ಪಾಲಯ್ಯನ ಹೆಂಡತಿ ಕೆಂಚಕ್ಕನ ಮಡಿಲಲ್ಲೇ ಬೆಳೆದ. ಆರು ವರ್ಷದಿಂದ ಮಲ್ಪೆಯಲ್ಲಿ ಮೀನಿನ ದೋಣಿಗಳ ಮೇಲೆ ಕೆಲಸ. ಆ ಸಂಜೆ ಅವನೇ ಫೋನು ಮಾಡಿದ.

"ಮಾವ, ಕಂಬ ಬಂದ್ವಾ? ಚೆನ್ನಾಗಿ ಮಾಡು. ದೀಪಾವಳಿ ಆದ ಮೇಲೆ ಆ ದೋಣಿ ಮೇಲೆ ಲಕ್ಷದ್ವೀಪಕ್ಕೆ ಹೋಗ್ತಿದೀವಿ."

"ಯಾರ್ಯಾರು?"

"ಅವ್ರು, ನಾನು. ಇಬ್ರೇ."

ಪಾಲಯ್ಯ ಫೋನು ಕೆಳಗಿಟ್ಟು ಕಣದಲ್ಲಿ ಮಲಗಿದ್ದ ಮರದ ಪಕ್ಕ ಬಹಳ ಹೊತ್ತು ಕುಳಿತ. ನಾಲ್ಕೂ ಕಡೆ ನೀರು, ನಡುವೆ ತಂತಿಯಿಲ್ಲದ ಕಂಬ, ಕಂಬದಡಿ ಈರೇಶ. ಗುಡಿಯ ಕಂಬ ಬಿದ್ದರೆ ಅಪಶಕುನ, ಶಾಂತಿ ಮಾಡಿಸಬಹುದು. ಇದು ಬಿದ್ದರೆ ಶಾಂತಿ ಮಾಡಿಸಲು ಹೆಣವೂ ಸಿಗುವುದಿಲ್ಲ.

ಕೆಲಸ ಬೇಡವೆಂದರೆ ಈ ಮನುಷ್ಯ ಇನ್ಯಾರದೋ ಒರಟು ಕೈಗೆ ಕೊಡುತ್ತಾನೆ, ಈರೇಶ ಆ ಕಂಬದಡಿ ಹೋಗುತ್ತಾನೆ. ಹಾಗಾಗಿ ಪಾಲಯ್ಯ ಒಪ್ಪಿಕೊಂಡ. ಒಪ್ಪಿಕೊಂಡ ದಿನದಿಂದ ಜಂಬುಲಿಂಗಪ್ಪನ ಮೇಲೆ ಕಣ್ಣಿಟ್ಟ.

ಸರ್ವೆ ಮರಕ್ಕೆ ಒಂದೇ ಕೆಟ್ಟ ಬುದ್ಧಿ, ಸೀಳುವುದು. ಪಾಲಯ್ಯ ಎರಡೂ ತುದಿಗೆ ಮಣ್ಣು ಸಗಣಿ ಕಲಸಿ ಮೆತ್ತಿ, ಬೇವಿನ ನೆರಳಿಗೆ ಎಳೆಸಿ, ಮೇಲೆ ಗೋಣಿ ಹೊದಿಸಿ, ಮರಕ್ಕೆ ಗೊತ್ತಾಗದ ಹಾಗೆ ಒಣಗಿಸಿದ. ಆಮೇಲೆ ಕೆಮ್ಮಣ್ಣಿನ ದಾರ ಹೊಡೆದು ಗೆರೆ ಮೂಡಿಸಿ, ಮೊದಲು ನಾಲ್ಕು ಮೂಲೆ, ನಾಲ್ಕನ್ನು ಎಂಟು, ಎಂಟನ್ನು ಹದಿನಾರು ಮಾಡಿ, ಕೊನೆಗೆ ದುಂಡಗೆ ತಂದ. ಬುಡ ದಪ್ಪ, ತುದಿ ಸಣ್ಣ, ಜೋಳದ ದಂಟಿನ ಹಾಗೆ.

ಹದಿನೈದು ದಿನಕ್ಕೊಮ್ಮೆ ಜಂಬುಲಿಂಗಪ್ಪ ಬರುತ್ತಿದ್ದ. ಬಂದವನು ತುದಿಯನ್ನು ನೋಡುತ್ತಿರಲಿಲ್ಲ, ನಡುವನ್ನು ನೋಡುತ್ತಿರಲಿಲ್ಲ. ಸೀದಾ ಬುಡಕ್ಕೆ ಹೋಗಿ ಮಂಡಿಯೂರುತ್ತಿದ್ದ. ಸೊಂಟದಲ್ಲಿ ಒಂದು ಕೆಂಪು ಬಟ್ಟೆಯ ಚೀಲ, ಹೆಬ್ಬೆರಳಿನಷ್ಟು. ಮಾತಾಡುವಾಗಲೂ ಕೈ ಅದರ ಮೇಲೆ ಹೋಗಿ ಬರುತ್ತಿತ್ತು. ಒಂದು ದಿನ ಪಾಲಯ್ಯ ನೀರು ಕುಡಿದು ಹಿಂದಿರುಗಿದಾಗ ಅವನು ಚೀಲದಿಂದ ಏನೋ ದುಂಡನೆಯದನ್ನು ತೆಗೆದು ಬುಡದ ನಡುವಿಗೆ ಹಿಡಿದು ನೋಡುತ್ತಿದ್ದ. ಪಾಲಯ್ಯ ಕೆಮ್ಮಿದ. ಅದು ಚಕ್ಕನೆ ಮುಷ್ಟಿಯೊಳಗೆ ಮಾಯವಾಯಿತು.

"ಏನದು?"

"ಏನಿಲ್ಲ, ಅಳತೆ."

ದಾಸಣ್ಣನ ಅಂಗಡಿಗೆ ಇದು ತಲುಪಲು ಎಷ್ಟು ಹೊತ್ತು? "ನಿಧಿ ಕಣೋ," ಎಂದ ಅವನು, ಗ್ಲಾಸು ತೊಳೆಯುತ್ತಾ. "ನಮ್ಮ ಬಂಡೆ ಸಂದಿಯೊಳಗೆ ಪಾಳೇಗಾರರು ಹೂತಿಟ್ಟಿದ್ದು ಐತೆ ಅಂತ ಎಷ್ಟು ಜನ ಬಂದು ಅಗೆದು ಹೋಗಿಲ್ಲ? ಇವ್ನು ಬುದ್ಧಿವಂತ. ಸಿಕ್ಕಿದ್ದನ್ನ ನಿನ್ನ ಕಂಬದ ಹೊಟ್ಟೆಗಿಟ್ಟು ದೇಶ ದಾಟಿಸ್ತಾನೆ."

"ಕಂಬಕ್ಕೆ ಹೊಟ್ಟೆ ಎಲ್ಲೈತೋ? ಗಟ್ಟಿ ಮರ ಅದು."

"ತೂತು ಕೊರೆಯೋ ಬೈರಿಗೆ ಇದ್ದೋನಿಗೆ ಹೊಟ್ಟೆ ಮಾಡೋದು ಎಷ್ಟೊತ್ತು?"

ಪಾಲಯ್ಯ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಆ ಮಾತು ಅವನಿಗೆ ಚುಚ್ಚಲು ಬೇರೆಯೇ ಕಾರಣವಿತ್ತು. ಬೈರಿಗೆ ಹಿಡಿದು ಬುಡಕ್ಕೆ ಹೊಟ್ಟೆ ಮಾಡಬೇಕೆಂದು ಅವನು ಹಿಂದಿನ ದಿನವೇ ನಿಶ್ಚಯಿಸಿದ್ದ.

ಅದು ಅವರ ಮನೆತನದ ಪದ್ಧತಿ. ಕಂಬ ನಿಲ್ಲುವ ಮೊದಲು ಬುಡದ ನಡುವೆ ಒಂದು ಗೇಣು ಕೊರೆದು, ಒಂಬತ್ತು ಬಗೆಯ ಕಾಳು ಒಂದು ಹಿಡಿ ಹಾಕಿ, ಮೇಲೆ ಗೂಟ ಬಡಿದು ಮುಚ್ಚುವುದು. ಕಾಳಿಲ್ಲದ ಕಂಬ ಬಂಜೆ, ಅದಕ್ಕೆ ನಿಲ್ಲುವ ಮನಸ್ಸು ಬರುವುದಿಲ್ಲ ಎನ್ನುತ್ತಿದ್ದಳು ಅವ್ವ. ಅವಳು ಓದಿದವಳಲ್ಲ, ಪದ ಬಲ್ಲವಳು. ಅಪ್ಪ ಗೂಟ ಬಡಿಯುವಾಗ ಅವಳು ಸೆರಗು ಹೊದ್ದು ಹಾಡುತ್ತಿದ್ದದ್ದು ಪಾಲಯ್ಯನಿಗೆ ಉಸಿರಿನಂತೆ ಒಳಗಿಳಿದಿತ್ತು:

ಒಂಬತ್ತು ಕಾಳ ಬುಡಕಿಟ್ಟೆ ಕಂಬಯ್ಯ
ಒಂಬತ್ತು ಹಟ್ಟಿ ಕಾಯಯ್ಯ, ನಿನ ಪಾದ
ನೆಲದವ್ವ ಹಿಡಿದು ನಿಂತಾಳೊ

ಜಂಬುಲಿಂಗಪ್ಪ ಹಾಯಿಯ ಬಟ್ಟೆ ನೋಡಲು ಚಳ್ಳಕೆರೆಗೆ ಹೋಗಿದ್ದ ಒಂದು ಬೆಳಿಗ್ಗೆ ಪಾಲಯ್ಯ ಎರಡೂ ಕಂಬಕ್ಕೆ ಬೈರಿಗೆ ಹಾಕಿದ. ಕೆಂಚಕ್ಕ ಮೊರದಲ್ಲಿ ರಾಗಿ, ನವಣೆ, ಸಜ್ಜೆ, ಜೋಳ, ಹುರುಳಿ, ಹೆಸರು, ಅಲಸಂದೆ, ತೊಗರಿ, ಕಡಲೆ ತಂದುಕೊಟ್ಟಳು.

"ಅವ್ರಿಗೆ ಹೇಳಿದೀಯಾ?" ಎಂದು ಕೇಳಿದಳು.

"ಯಾಕೆ ಹೇಳ್ಲಿ? ಅವ್ನು ಚೀಲದಾಗೆ ಏನೈತೆ ಅಂತ ನನಗೆ ಹೇಳ್ಯಾನಾ? ಹಡಗು ಕಂಡೋನು. ನಕ್ಕು ತೆಗೆದು ಬಿಸಾಕ್ತಾನೆ. ಆಮೇಲೆ ನಮ್ಮ ಈರೇಶನ್ನ ಕಾಯೋರ್ಯಾರು?"

ಗೂಟ ಬಡಿದು, ಮೇಲೆ ಹತ್ತರಿ ಆಡಿಸಿ ನುಣುಪು ಮಾಡಿ, ಅರಗು ತಿಕ್ಕಿದ. ಅಲ್ಲೊಂದು ತೂತಿತ್ತೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಪದವನ್ನು ಬಾಯಿಬಿಡದೆ ಒಳಗೇ ಹೇಳಿಕೊಂಡ.

ಆಷಾಢದ ಕೊನೆಗೆ ಕಂಬದ ಪರೀಕ್ಷೆ ಆಯಿತು. ದೋಣಿಯಲ್ಲಿ ಬುಡ ಐದು ಅಡಿ ಒಳಗಿಳಿಯುತ್ತದೆ, ಉಳಿದದ್ದೆಲ್ಲ ಬಯಲಿನಲ್ಲಿ ಎಂದಿದ್ದ ಜಂಬುಲಿಂಗಪ್ಪ. ಪಾಲಯ್ಯ ಗುಡ್ಡದ ಬುಡದಲ್ಲಿ ಎರಡು ಬಂಡೆಗಳ ಸಂದಿಗೆ ಕಂಬದ ಐದಡಿ ತೂರಿಸಿ ಬೆಣೆ ಜಡಿದು, ತುದಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಅಡ್ಡಕ್ಕೆ ಎಳೆಸಿದ. ಕಂಬ ಬಾಗಿತು. ಬಿಲ್ಲಿನಷ್ಟು ಬಾಗಿತು. ಪಾಲಯ್ಯನ ಕಣ್ಣಿಗೆ ಅಲ್ಲಿ ಹಗ್ಗವಿರಲಿಲ್ಲ, ಗಾಳಿಯಿತ್ತು. ಹಗ್ಗ ಬಿಟ್ಟ ಕೂಡಲೇ ಕಂಬ ಸುಯ್ಯೆಂದು ತಿರುಗಿ ನೆಟ್ಟಗಾಗಿ ಎರಡು ಸಲ ಒದರಿ ಸುಮ್ಮನಾಯಿತು. ನೋಡುತ್ತಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಜಂಬುಲಿಂಗಪ್ಪ ಮಾತ್ರ ಬಂಡೆಯ ಸಂದಿಗೆ ಹೋಗಿ ಬುಡಕ್ಕೆ ಕಿವಿಯಿಟ್ಟ. ಬೆರಳ ಗಿಣ್ಣಿನಿಂದ ಕುಟ್ಟಿದ.

"ಪಾಲಣ್ಣ, ಒಳಗೆ ಏನೋ ಸಣ್ಣಗೆ ಸದ್ದಾಯ್ತಲ್ಲ."

"ಸರ್ವೆ ಮರ ಒಣಗಿದ್ರೆ ಹಂಗೇ. ಮಾತಾಡ್ತೈತೆ."

ಕಸುಬಿನಲ್ಲಿ ಪಾಲಯ್ಯ ಆಡಿದ ಮೊದಲ ಸುಳ್ಳು ಅದು. ಜಂಬುಲಿಂಗಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ "ಹೌದಾ," ಎಂದ. ಆ 'ಹೌದಾ' ಪಾಲಯ್ಯನಿಗೆ ಹಿಡಿಸಲಿಲ್ಲ. ಅಂದಿನಿಂದ ಜಂಬುಲಿಂಗಪ್ಪನ ಮಾತು ಕಡಿಮೆಯಾಯಿತು. ಈರೇಶನೂ ಎರಡು ಸಲ ಫೋನು ಮಾಡಿ, "ಮಾವ, ಅವ್ರು ನನ್ನ ಫೋನ್ ಎತ್ತುತಾ ಇಲ್ಲ. ಅಲ್ಲೇನಾದ್ರೂ ಆಯ್ತಾ?" ಎಂದು ಕೇಳಿದ. ನೋಡಿದೆಯಾ, ಬಣ್ಣ ಬಯಲಾಗುತ್ತಿದೆ ಎಂದುಕೊಂಡ ಪಾಲಯ್ಯ.

ಶ್ರಾವಣದ ಮೊದಲ ಬುಧವಾರ ಕಂಬಗಳು ಲಾರಿ ಏರಿದವು. ಚಳ್ಳಕೆರೆಯಲ್ಲಿ ಹಾಯಿ ಹೇರಿಕೊಂಡು ಚಿತ್ರದುರ್ಗದ ಮೇಲೆ ಕರಾವಳಿಗೆ ಹೋಗುವುದು ಎಂದಿತ್ತು. "ಚಳ್ಳಕೆರೆ ತನಕ ನಾನೂ ಬರ್ತೀನಿ," ಎಂದು ಪಾಲಯ್ಯ ಕೇಳದೆಯೇ ಕ್ಯಾಬಿನ್ ಹತ್ತಿದ. ಹಾಯಿ ಎಂಬುದು ನಿಜಕ್ಕೂ ಇದೆಯೋ, ಬರೀ ಮಾತೋ, ಕಣ್ಣಾರೆ ನೋಡಬೇಕಿತ್ತು. ಜಂಬುಲಿಂಗಪ್ಪ ಆಗಲೇ ಒಳಗೆ ಕುಳಿತಿದ್ದ. ಡ್ರೈವರು ಎರಡು ಸಲ ರೇಡಿಯೊ ಹಾಕಿ ಎರಡು ಸಲ ಆರಿಸಿದ.

ಹಾಯಿ ಇತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಶಾರದಮ್ಮ ಶೇಂಗಾ ಲಾರಿಗಳಿಗೆ ತಾಡಪಾಲು, ಮದುವೆಗೆ ಶಾಮಿಯಾನ ಹೊಲಿಯುವವಳು. ಅವಳ ಅಂಗಡಿಯ ಮುಂದೆ ನೆಲದ ಮೇಲೆ ಇಟ್ಟಿಗೆ ಬಣ್ಣದ ಬಟ್ಟೆ ಹಾಸಿಕೊಂಡು ಬಿದ್ದಿತ್ತು. ಏಳು ಪಟ್ಟಿ, ಪಟ್ಟಿ ಪಟ್ಟಿಗೂ ಬಿದಿರು ತೂರಿಸುವ ಉದ್ದನೆಯ ಜೇಬು. ಚಿಕ್ಕ ಕಂಬದ ಹಾಯಿ ಪಕ್ಕದಲ್ಲೇ ಮಡಚಿಟ್ಟಿತ್ತು.

"ನಾನೇನೋ ದೊಡ್ಡ ವಿದ್ಯೆ ಅಂದ್ಕಂಡಿದ್ದೆ," ಎಂದಳು ಶಾರದಮ್ಮ, ಬಾಯಲ್ಲಿ ದಾರ ಕಚ್ಚಿಕೊಂಡು. "ಬೇರೆ ಹಾಯಿಗೆ ಹೊಟ್ಟೆ ಬರೋ ಹಂಗೆ ಹೊಲೀಬೇಕಂತೆ. ಇದು ಚಪ್ಪಟೆ. ನಮ್ಮ ತಾಡಪಾಲೇ, ಮರ್ಯಾದೆ ಜಾಸ್ತಿ ಅಷ್ಟೆ. ಜಂಬುಲಿಂಗಪ್ಪನೋರೆ, ಒಂದೇ ಚಿಂತೆ. ನೀರಿನ ಮೇಲೆ ಇರೋದಲ್ವಾ, ದಾರ ಕೊಳೀತೈತಾ?"

"ಹಾಯಿ ಮೇಲಿರ್ತೈತೆ, ಬಿಸಿಲು ಗಾಳಿ ಆಡ್ತಾ ಇರ್ತೈತೆ. ಅದಕ್ಕೇನೂ ಆಗಲ್ಲ," ಎಂದ ಜಂಬುಲಿಂಗಪ್ಪ. "ಕಷ್ಟ ಇರೋದು ತಳದಾಗೆ. ಎಂಥಾ ದೋಣಿನೇ ಆಗ್ಲಿ, ಹೊಟ್ಟೆಯೊಳಗೆ ಒಂದಿಷ್ಟು ನೀರು ನಿಂತೇ ನಿಲ್ತೈತೆ. ಕಂಬದ ಬುಡ ವರ್ಷವಿಡೀ ಒದ್ದೆ."

ಪಾಲಯ್ಯ ಹಾಯಿಯ ಅಂಚು ಮುಟ್ಟಿ ನೋಡುತ್ತಿದ್ದವನು ಹಾಗೇ ನಿಂತ.

ಬುಡ ವರ್ಷವಿಡೀ ಒದ್ದೆ.

ಅವರ ಮನೆತನದ ಕಂಬಗಳು ನಿಂತದ್ದು ಯಾವ ನೆಲದಲ್ಲಿ? ಮೊಳದಾಳ ಅಗೆದರೂ ತೇವ ಕಾಣದ ನೆಲದಲ್ಲಿ. ಅಪ್ಪ ನೆಟ್ಟ ಕಂಬವೊಂದನ್ನು ಐವತ್ತು ವರ್ಷದ ಮೇಲೆ ಕಿತ್ತಾಗ ಬುಡದಿಂದ ಕಾಳು ಸುರಿದಿತ್ತು, ಒಣಗಿ, ಗಲಗಲ ಎನ್ನುತ್ತಾ. ನೀರು ಎಂಬುದು ಆ ಪದದಲ್ಲೂ ಇರಲಿಲ್ಲ. ನೆಲದವ್ವ ಹಿಡಿದು ನಿಂತಾಳೊ ಎಂದು ಅವ್ವ ಹಾಡಿದ್ದು ನೆಲಕ್ಕೆ. ದೋಣಿಯಲ್ಲಿ ನೆಲದವ್ವ ಎಲ್ಲಿದ್ದಾಳೆ?

ಮೊಳಕಾಲ್ಮೂರಿನ ಬಂಡೆ ಒಡೆಯುವವರನ್ನು ಅವನು ಬಾಲ್ಯದಿಂದ ಕಂಡಿದ್ದಾನೆ. ಬಂಡೆಗೆ ಸಾಲಾಗಿ ತೂತು ಹಾಕಿ, ಒಣ ಮರದ ಬೆಣೆ ಬಡಿದು, ನೀರು ಸುರಿದು ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಬಂಡೆ ಎರಡು ಹೋಳು. ಮರ ಉಬ್ಬಿದರೇ ಕಲ್ಲು ಸೀಳುತ್ತದೆ. ಹುರುಳಿ, ಅಲಸಂದೆ, ಕಡಲೆ ಉಬ್ಬಿದರೆ, ಸೀಳುವುದನ್ನೇ ಕಾಯುವ ಸರ್ವೆಯ ಗತಿ? ತಂತಿಯೂ ಇಲ್ಲ. ಬುಡ ಬಿಟ್ಟರೆ ಆ ಕಂಬಕ್ಕೆ ಬೇರೆ ಗತಿಯಿಲ್ಲ.

ಮೂರು ತಿಂಗಳು ಇವನ ಚೀಲ ಕಾದೆ, ಈರೇಶನ ತಲೆಯ ಮೇಲಿನ ಕಲ್ಲು ನನ್ನ ಕೈಯಲ್ಲೇ ಇತ್ತಲ್ಲ ಎನಿಸಿತು ಅವನಿಗೆ.

ಡ್ರೈವರು ಹಾಯಿ ಸುತ್ತಿ ಮೇಲೇರಿಸುತ್ತಿದ್ದ. ಪಾಲಯ್ಯ ಎರಡು ಹೆಜ್ಜೆ ಮುಂದೆ ಬಂದ, ನಿಂತ. ಹೇಳದೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ದೀಪಾವಳಿಯ ತನಕ.

"ಜಂಬುಲಿಂಗಪ್ಪನೋರೆ, ಲಾರಿ ಹೊರಡಿಸಬ್ಯಾಡ್ರಿ. ಅವತ್ತು ಸದ್ದಾಗಿದ್ದು ಮರ ಅಲ್ಲ."

"ಗೊತ್ತು," ಎಂದ ಜಂಬುಲಿಂಗಪ್ಪ, ತಿರುಗದೆ. "ಏನು ಅಂತ ಹೇಳ್ತೀರಾ?"

"ಕಾಳು. ಎರಡೂ ಬುಡದಾಗೆ ಒಂದೊಂದು ಹಿಡಿ. ನಮ್ಮ ಪದ್ಧತಿ. ನೀರು ನಿಲ್ತೈತೆ ಅಂತ ನನಗೆ ತಿಳೀಲಿಲ್ಲ. ನೆನೆದ್ರೆ ಸೀಳಿಬಿಡ್ತೈತೆ."

ಜಂಬುಲಿಂಗಪ್ಪ ಈಗ ತಿರುಗಿದ. "ಕಾಳಾ? ಬರೀ ಕಾಳಾ?"

"ರಾಗಿ, ನವಣೆ, ಸಜ್ಜೆ..." ಎಂದು ಪಾಲಯ್ಯ ಎಣಿಸತೊಡಗಿದ, ಒಂಬತ್ತನ್ನೂ ಹೇಳಿಯೇ ನಿಲ್ಲಿಸಿದ.

"ಬಿಚ್ಚಿ ತೋರಿಸ್ರಿ."

ಎಲ್ಲಿಗೆ ಹೋದರೂ ಹೆಗಲಿಗಿರುವ ಕಸುಬಿನ ಚೀಲದಿಂದ ಬೈರಿಗೆ ತೆಗೆದು ಪಾಲಯ್ಯ ಲಾರಿಯ ಹಿಂಬದಿಗೆ ಹತ್ತಿದ. ಅಷ್ಟು ನುಣುಪಾಗಿ ಮುಚ್ಚಿದ್ದ ಗೂಟವನ್ನು ತಾನೇ ಕೊರೆದು ತೆಗೆದ. ಶಾರದಮ್ಮ ಹಾಯಿ ಬಟ್ಟೆಯ ಚೂರೊಂದನ್ನು ಕೆಳಗೆ ಹಿಡಿದಳು. ಕಾಳು ಸುರಿಯಿತು. ಜಂಬುಲಿಂಗಪ್ಪ ಬೆರಳಾಡಿಸಿ ಬೇರೆ ಏನಾದರೂ ಇದೆಯೇ ಎಂದು ಕೆದಕಿದ, ಎರಡನೇ ಬುಡದ್ದನ್ನೂ ಕೆದಕಿದ. ಏನೂ ಇರಲಿಲ್ಲ. ಒಂದು ತೊಗರಿ ಕಾಳಿಗೆ ಹುಳ ಬಿದ್ದಿತ್ತು, ಅಷ್ಟೆ.

"ನಾನೇನಂದ್ಕಂಡಿದ್ದೆ ಗೊತ್ತಾ?" ಎಂದ ಅವನು, ಲಾರಿಯ ಅಂಚಿಗೆ ಕುಳಿತುಕೊಳ್ಳುತ್ತಾ. "ಮಾವ ಅಳಿಯ ಸೇರ್ಕಂಡು ನನ್ನ ಕಂಬದೊಳಗೆ ಏನೋ ಕಳ್ಳಮಾಲು ಇಟ್ಟು ದ್ವೀಪಕ್ಕೆ ಸಾಗಿಸ್ತಾ ಇದೀರ ಅಂತ. ಈರೇಶನ್ನ ಬಿಟ್ಟು ಬೇರೆಯೋರನ್ನ ಕರ್ಕಂಡು ಹೋಗೋಣ ಅಂತ ಮಾತೂ ಆಡಿದ್ದೆ."

"ಅದಕ್ಕೇ ಅವನ ಫೋನ್ ಎತ್ತುತಿರ್ಲಿಲ್ವಾ?"

"ನಾನು ಕೇಳಿದ್ನಲ್ಲ. ಮರ ಮಾತಾಡ್ತೈತೆ ಅಂದ್ರಿ ನೀವು."

ಪಾಲಯ್ಯ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಅದೇ ಕೆಂಪು ಚೀಲ ಕಂಡಿತು. "ನೀವೂ ಅಳತೆ ಅಂದ್ರಿ."

ಜಂಬುಲಿಂಗಪ್ಪ ಚೀಲ ಬಿಚ್ಚಿದ. ಒಳಗಿದ್ದದ್ದು ಒಂದು ತಾಮ್ರದ ನಾಣ್ಯ, ಅಕ್ಷರ ಸವೆದು ಹಸಿರುಗಟ್ಟಿದ್ದು.

"ಹಳೇ ಕಂಬ ಎತ್ತಿದಾಗ ಬುಡದಡಿ ಸಿಕ್ತು. ದೋಣಿ ಕಟ್ಟಿದೋರು ಇಟ್ಟಿದ್ದು, ಅವ್ರಲ್ಲಿ ಅದು ಪದ್ಧತಿ. ಹೊಸ ಕಂಬದಡಿ ಇದನ್ನೇ ತಿರುಗಿ ಇಡಬೇಕು ಅಂತ ನನಗೆ. ಎಷ್ಟು ಜಾಗ ಬೇಕು ಅಂತ ಹಿಡಿದು ನೋಡ್ತಿದ್ದೆ. ಹೇಳಿದ್ರೆ ನೀವು ನಗ್ತೀರಿ ಅಂತ..."

"ಇಬ್ರೂ ಚೆನ್ನಾಗಿದೀರ," ಎಂದಳು ಶಾರದಮ್ಮ. "ಕಾಳು ಒಬ್ರದು, ಕಾಸು ಒಬ್ರದು. ಇನ್ನೊಬ್ರಿಗೆ ಕಾಣದಂಗೆ ದೇವ್ರಿಗೆ ಕೈ ಮುಗಿಯೋಕೆ ಮೂರು ತಿಂಗಳು."

ಪಾಲಯ್ಯ ತೂತುಗಳಿಗೆ ತಿರುಗಿ ಗೂಟ ಹಾಕಲಿಲ್ಲ. ಒಣ ಗೂಟವೂ ಬೆಣೆಯೇ. ಉಳಿ ಹಿಡಿದು ತೂತಿನಿಂದ ಅಂಚಿಗೆ ಒಂದು ಸಣ್ಣ ಕಾಲುವೆ ಕೊರೆದ, ನೀರು ಬಂದರೂ ನಿಲ್ಲದೆ ಹರಿದುಹೋಗಲಿ ಎಂದು. ಅಂಚನ್ನು ಬೆರಳಿನಿಂದ ಸವರಿ ನೋಡಿದ. ಸೀಳಿನ ಕೂದಲೆಳೆಯೂ ಇರಲಿಲ್ಲ. ಆದರೂ ಕೆಳಗಿಳಿಯಲು ಮನಸ್ಸಾಗಲಿಲ್ಲ.

"ಆ ಬುಡ ಕೂರೋ ಜಾಗ ನಾನು ನೋಡಬೇಕು," ಎಂದ. "ನೀರೆಲ್ಲಿ ನಿಲ್ತೈತೆ, ಎಷ್ಟು ನಿಲ್ತೈತೆ. ನೋಡದೆ ನಾನು ಈರೇಶನ್ನ ಕಳ್ಸಲ್ಲ."

"ನನ್ನ ಮ್ಯಾಲೆ ಇನ್ನೂ ನಂಬಿಕೆ ಇಲ್ಲ ಅನ್ನಿ."

"ನನ್ನ ಮ್ಯಾಲೇ ಇಲ್ಲ ಈಗ."

ಜಂಬುಲಿಂಗಪ್ಪ ಫೋನು ತೆಗೆದು ಈರೇಶನಿಗೆ ಮಾಡಿದ. "ನಾಳೆ ಕಂಬ ಬರ್ತವೆ ಕಣಪ್ಪ. ನಿಮ್ಮ ಮಾವನೂ ಬರ್ತಾವ್ರೆ. ನಿನ್ನ ಹಾಸಿಗೆ ಬಟ್ಟೆ ದೋಣಿಗೆ ತಂದಿಡು, ಹೊರಗಿನೋರು ಯಾರೂ ಬರಲ್ಲ." ಪಾಲಯ್ಯ ಅದೇ ಫೋನಿನಲ್ಲಿ ಕೆಂಚಕ್ಕನಿಗೆ ಹೇಳಿದ, ಸಮುದ್ರಕ್ಕೆ ಹೋಗಿ ಬರುತ್ತೇನೆ ಎಂದು.

"ಕಾಲಿಗೆ ಚಪ್ಪಲಿನಾದ್ರೂ ಐತಾ?" ಎಂದಳು ಕೆಂಚಕ್ಕ.

ಇರಲಿಲ್ಲ. ಶಾರದಮ್ಮ ಪಕ್ಕದ ಅಂಗಡಿಯಿಂದ ಒಂದು ಜೊತೆ ತರಿಸಿಕೊಟ್ಟಳು. ಚೂರು ಬಟ್ಟೆಯಲ್ಲಿದ್ದ ಕಾಳನ್ನು ಪಾಲಯ್ಯ ತನ್ನ ಹೆಗಲ ಮೇಲಿನ ವಲ್ಲಿಯ ಅಂಚಿಗೆ ಸುರಿದುಕೊಂಡು ಗಂಟು ಹಾಕಿದ, ಹುಳ ಬಿದ್ದದ್ದನ್ನು ಬಿಟ್ಟು. ಜಂಬುಲಿಂಗಪ್ಪ ನಾಣ್ಯವನ್ನು ಅಂಗೈಯಲ್ಲಿ ಎರಡು ಸಲ ತಿರುಗಿಸಿ ಅವನ ಮುಂದೆ ಹಿಡಿದ.

"ಇದಕ್ಕೂ ಒಂದು ಗಂಟು ಹಾಕ್ಕಳ್ರಿ. ಕಂಬ ನಿಲ್ಲಿಸೋ ಹೊತ್ತಿಗೆ ನೀವೇ ಬುಡದಡಿ ಇಡೀರಂತೆ. ಅದು ನೆನೆದ್ರೆ ಉಬ್ಬಲ್ಲ."

ಪಾಲಯ್ಯ ವಲ್ಲಿಯ ಇನ್ನೊಂದು ಅಂಚಿಗೆ ಅದನ್ನು ಕಟ್ಟಿಕೊಂಡ. ಲಾರಿ ಚಿತ್ರದುರ್ಗದ ರಸ್ತೆ ಹಿಡಿಯಿತು. ಅವನು ಕಿಟಕಿಗೆ ತಲೆಯಾನಿಸಿ ಅವ್ವನ ಪದ ಹೇಳಿಕೊಂಡ, ಈ ಸಲ ತುಟಿ ಬಿಚ್ಚಿ. ಮೂರನೆಯ ಸಾಲಿಗೆ ಬಂದಾಗ ನಿಲ್ಲಿಸಿದ. ಅಲ್ಲಿ ನೆಲದವ್ವನ ಬದಲಿಗೆ ಯಾರನ್ನು ಕರೆಯಬೇಕೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ನೋಡಿದ ಮೇಲೆ ಗೊತ್ತಾದೀತು.

ಪಕ್ಕದಲ್ಲಿ ಕುಳಿತಿದ್ದ ಜಂಬುಲಿಂಗಪ್ಪ ಮೈಲಿಗೊಮ್ಮೆ ವಲ್ಲಿಯ ಅಂಚನ್ನು ನೋಡುತ್ತಿದ್ದ, ಗಂಟು ಸಡಿಲವಾಗಿಲ್ಲ ತಾನೇ ಎಂದು.